ರೈಟ್ ಅಂದದ್ದು ಯಾರು

ಬಸ್ ಡಿಪೋ, ಮರೆತ ಸಾಮಾನಿನ ಕೋಣೆ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಮಗಳೇ,

ಬೆನ್ನುನೋವು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ, ಈಗ ಹೇಗಿದೆ? ದಿನವಿಡೀ ನಿಂತು ಪಾಠ ಮಾಡುವವಳು, ಚಪ್ಪಲಿಯನ್ನಾದರೂ ಮೆತ್ತನೆಯದು ಹಾಕಿಕೋ. ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ.

ನನ್ನ ಕಂಡಕ್ಟರ್ ಕೆಲಸ ಮುಗಿಯಿತು. ಬೇರೆ ಯಾರೋ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಕಳೆದ ತಿಂಗಳು ಹೊಸ ಡ್ರೈವರ್ ಬಂದ. ಎರಡು ಮಕ್ಕಳ ತಂದೆ, ಕೆಲಸ ಇನ್ನೂ ಕಾಯಂ ಆಗಿಲ್ಲ. ಮೂರನೆಯ ದಿನ ಗಡಿಯಾರದ ವೃತ್ತದಲ್ಲಿ ರಸ್ತೆ ಅಗೆದಿದ್ದರು. "ಯಾವ ಕಡೆ ತಿರುಗಿಸ್ಲಿ?" ಎಂದು ಅವನು ಕೂಗಿ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಹಿಂದಿನ ಬಾಗಿಲಲ್ಲಿ ಒಬ್ಬ ಮುದುಕಿಯನ್ನು ಗಂಟಿನ ಸಮೇತ ಇಳಿಸಿ, ಮೂವತ್ತೊಂದು ವರ್ಷದ ಅಭ್ಯಾಸದಂತೆ "ರೈಟ್" ಅಂದೆ. ನನ್ನ ಬಾಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ, ಹೊರಡು ಅಂತ. ಅವನು ಬಲಕ್ಕೆ ತಿರುಗಿಸಿದ. ಬಲಕ್ಕಿದ್ದುದು ದರ್ಜಿಗಳ ಸಂದಿ. ಬಸ್ಸು ಒಂದು ಅಂಗಡಿಯ ಬೋರ್ಡು ಕಿತ್ತುಕೊಂಡು ಕಂಬಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಬಂದು, "ಅಳತೆ ಕೊಡೋಕೆ ಬಂದ್ರಾ?" ಎಂದು ಕೇಳಿದ.

ವಿಚಾರಣೆಯ ದಿನ ಸಾಹೇಬರು, "ನೀವು ಹೇಳಿದ್ದೂ ರೈಟ್, ಅವನು ತಿರುಗಿಸಿದ್ದೂ ರೈಟ್. ಹಾಗಾದ್ರೆ ತಪ್ಪು ಯಾರದು?" ಅಂದರು. ಜೊತೆಯವರು ಮೊದಲೇ ಕಿವಿಯಲ್ಲಿ ಊದಿದ್ದರು: "ನಿವೃತ್ತಿಗೆ ಎಂಟೇ ತಿಂಗಳು, ನಾನೇನೂ ಅನ್ಲೇ ಇಲ್ಲ ಅಂದ್ಬಿಡಿ." ಹಾಗಂದಿದ್ದರೆ ಅವನ ಕೆಲಸ ಹೋಗುತ್ತಿತ್ತು. ರೈಟ್ ಅಂದದ್ದು ನಾನೇ ಎಂದು ಬರೆದುಕೊಟ್ಟೆ, ಕಿವಿ ಮಂದವಾಗಿರುವುದನ್ನೂ ಬರೆದೆ. ಅವನು ಉಳಿದ. ನನ್ನನ್ನು ಈ ಕೋಣೆಗೆ ಹಾಕಿದರು. ಸಹಿ ಹಾಕಿಸಿಕೊಳ್ಳುವಾಗ ಆಫೀಸಿನ ಹೆಂಗಸು, "ಮೇಲ್ಮನವಿ ಮಾಡೋದು ನಿಮ್ಮ ರೈಟ್" ಅಂದಳು. ಬೇಡ ಅಂದೆ. ಇಲ್ಲಿ ಹದಿನೇಳು ಕೊಡೆ, ಒಂದು ಹಲ್ಲಿನ ಸೆಟ್ಟು ಇವೆ. ಬೇಸರವಿಲ್ಲ.

ಇಬ್ಬರೂ ಚೆನ್ನಾಗಿರಿ.

ನಿನ್ನ
ಅಪ್ಪ

ತಾ.ಕ.: ಮೂರು ವರ್ಷದ ಹಿಂದೆ ನೀನು "ಇಷ್ಟಪಟ್ಟವನನ್ನ ಮದುವೆಯಾಗೋದು ನನ್ನ ರೈಟ್" ಅಂದಾಗ ನಾನೂ "ರೈಟ್" ಅಂದೆ. ನೀನು ಹೇಳಿದ್ದು ಸರಿ ಅನ್ನುವ ಅರ್ಥದಲ್ಲೇ ಅಂದೆ, ನೀನೇ ತಪ್ಪು ತಿಳಿದು ಮನೆ ಬಿಟ್ಟೆ ಎಂದು ಅಮ್ಮನಿಗೆ ಇಷ್ಟು ದಿನ ಹೇಳಿಕೊಂಡು ಬಂದೆ. ಅದು ಸುಳ್ಳು. ಹೊರಡು ಅಂತಲೇ ಅಂದಿದ್ದೆ. ಇವತ್ತು ಬೆಳಿಗ್ಗೆ ಅವಳಿಗೂ ಹೇಳಿದೆ. ಅವಳು ಆಗಲೇ ಚೀಲ ತುಂಬಲು ಕೂತಳು. ಭಾನುವಾರ ಹನ್ನೊಂದರ ಬಸ್ಸಿಗೆ ನಿಮ್ಮೂರಿಗೆ ಬರುತ್ತೇವೆ. ನಾನು ಬೇಡವೆಂದರೆ ಅವಳೊಬ್ಬಳನ್ನೇ ಮನೆಗೆ ಕರೆದುಕೊಂಡು ಹೋಗು, ನಾನು ನಿಲ್ದಾಣದಲ್ಲೇ ಕೂತಿರುತ್ತೇನೆ.