ಎಲ್ಲಾ ಸೇರಿ

ಜುಲೈ ೯, ಮಂಗಳವಾರ

‘ಮನೆಯ ಕಟ್ಟಿಕೊಂಡವರು’ ಎಂದಿತ್ತೋ, ‘ಮನೆಗೆ ಕಟ್ಟಿಕೊಂಡವರು’ ಎಂದಿತ್ತೋ? ಎಂದೋ ಓದಿದ ಪದ್ಯದ ಸಾಲು. ‘ಯ’ ಇದ್ದರೆ ಒಡತಿ, ‘ಗೆ’ ಇದ್ದರೆ ಗೂಟದ ಹಸು.

‘ಎಲ್ಲಾ ಸೇರಿ ಇಷ್ಟು, ಮೇಡಂ’ ಎಂದಿದ್ದ, ನಾನು ಕೊಳ್ಳಹೊರಟ ಮನೆಯ ದಲ್ಲಾಳಿ. ನೋಂದಣಿಯ ಖರ್ಚೂ ಅದರಲ್ಲೇ ಇದೆ ಎಂದುಕೊಂಡು ಮುಂಗಡ ಕೊಟ್ಟೆ. ಇವತ್ತು ವಕೀಲರು ಕರಾರುಪತ್ರ ಓದಿ ನಕ್ಕರು.

‘ಎಲ್ಲಾ ಅಂದ್ರೆ ಫ್ಯಾನು, ಕಪಾಟು, ನೀರಿನ ಟ್ಯಾಂಕು, ಅಷ್ಟೇ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ನೀವೇ ಕಟ್ಬೇಕು. ಅದೂ ನೀವು ಮಾತಾಡಿದ ಬೆಲೆ ಮೇಲಲ್ಲ, ಸರ್ಕಾರ ಆ ಬೀದಿಗೆ ಇಟ್ಟಿರೋ ಬೆಲೆ ಮೇಲೆ. ಅದೇ ಜಾಸ್ತಿ. ನನ್ನ ಫೀಸು ಮಾತ್ರ ಎಲ್ಲಾ ಸೇರಿ!’

ಬ್ಯಾಂಕು ಮನೆಗೆ ಸಾಲ ಕೊಡುತ್ತದೆ, ಶುಲ್ಕಕ್ಕೆ ಕೊಡುವುದಿಲ್ಲ. ಹಿಂದೆ ಸರಿದರೆ ಮುಂಗಡ ಮುಳುಗುತ್ತದೆ. ಅದರಲ್ಲಿ ಅಮ್ಮನ ಉಳಿತಾಯವೆಲ್ಲ ಇದೆ.

‘ಪದ್ಯದಲ್ಲಾದ್ರೆ ಒಂದಕ್ಷರ ಬಿಡಲ್ಲ ನೀನು. ಎಲ್ಲಾ ಅಂದ್ರೆ ಏನೇನಪ್ಪಾ ಅಂತ ಕೇಳೋಕೆ ಬಾಯಿಗೆ ಬೀಗ ಹಾಕಿತ್ತಾ?’ ಎಂದಳು ಅಮ್ಮ.

ಬೀಗವೇ. ಇಷ್ಟು ಓದಿದವಳು ಇದನ್ನು ಕೇಳುವುದೇ ಎಂಬ ನಾಚಿಕೆಯ ಬೀಗ.

ಮುಂಗಡ ಹೋದರೆ ಹೋಗಲಿ, ಈ ಬಾಡಿಗೆ ಮನೆಯಲ್ಲೇ ಇದ್ದುಬಿಡೋಣ, ಖಾಲಿ ಮಾಡುತ್ತೇವೆಂದು ಆಗಲೇ ತಿಳಿಸಿದ್ದ ಓನರ್‌ಗೆ ಈಗ ಇಲ್ಲವೆಂದು ಹೇಳಿಬಿಡೋಣ ಎಂದು ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು.

‘ಅಕ್ಕಾ, ನೀವಿಬ್ರೂ ಇಲ್ದಾಗ ಓನರ್ ಹೊಸಬರನ್ನ ಕರ್ಕೊಂಡ್ ಬಂದಿದ್ರು. ಅವ್ರು ಕಿಟಕಿಯಿಂದ್ಲೇ ನೋಡಿ ಒಪ್ಕೊಂಡು ಅಡ್ವಾನ್ಸ್ ಕೊಟ್ಬಿಟ್ರು. ನಿಮ್ಮ ರೂಮಿಗೆ ಯಾವ ಬಣ್ಣ ಹೊಡೆಸ್ಲಿ ಅಂತ ನನ್ನೇ ಕೇಳಿದ್ರು ನೋಡಿ!’