ಆ ವೆಲ್ಡಿಂಗ್ ಮಾಡಿದವನಿಗೆ

ಲೋ ಸ್ಪ್ಯಾನರ್,

ನಮ್ಮ ಎರಡು ಬಾಗಿಲಿನ ಜಪಾನಿ ಕೂಪೆ ಕಾರನ್ನು ಇವತ್ತು ಮಾರಿಬಿಟ್ಟೆ ಕಣೋ!

ಕೊಂಡವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಬಂದವರೇ ಬಿಳಿ ಕೋಟಿನಲ್ಲೇ ನೆಲದ ಮೇಲೆ ಮಲಗಿ ಕಾರಿನಡಿ ಟಾರ್ಚ್ ಬಿಟ್ಟರು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಟರ್ಬೊ ಕೂರಿಸುವಾಗ ನೀನು ಬೆಸೆದಿದ್ದ ಪೈಪನ್ನು ಬೆರಳಲ್ಲಿ ಸವರಿ, "ಯಾರ್ರೀ ಈ ವೆಲ್ಡಿಂಗ್ ಮಾಡಿದ್ದು? ಹಲ್ಲು ಜೋಡಿಸಿದ ಹಾಗಿದೆಯಲ್ರೀ!" ಅಂದರು.

ಆರು ವರ್ಷ ಎಲ್ಲರೆದುರೂ, ಒಮ್ಮೆ ನಿನ್ನೆದುರೇ, "ನಾನೇ" ಎಂದಿದ್ದವನು ಇವತ್ತು ನಿನ್ನ ಹೆಸರು ಹೇಳಿದೆ. ನಂಬರನ್ನೂ ಕೊಟ್ಟೆ, ಬಾಯಿಪಾಠವಾಗಿಯೇ ಇತ್ತು.

ಸಂಜೆ ಕಾರಿನಲ್ಲೇ ಕೂತು ನಿನಗೆ ಫೋನ್ ಮಾಡುತ್ತಾರಂತೆ. ಅವತ್ತಿನಿಂದ ನನ್ನ ಕರೆ ಎತ್ತುತ್ತಿಲ್ಲ, ಹೋಗಲಿ, ಅವರದನ್ನು ಎತ್ತು. ಅವರ ಮಾತಿನ ಹಿಂದೆ ಎಂಜಿನ್ ಗುರುಗುಟ್ಟುವುದು ಕೇಳಿಸುತ್ತದೆ. ಯಾವ ಕಾರೆಂದು ಅವರು ಹೇಳುವ ಮೊದಲೇ ನಿನಗೆ ಗೊತ್ತಾಗುತ್ತದೆ.