ನಿಮ್ಮ ಪಾಲಿನ ಬಿಲ್ಲೆ

ಹುಕ್ಕೇರಿ, ೧೯೪೬

ಅಪ್ಪಾ,

ನೀವು ತೀರಿಹೋಗಿ ಎಂಟು ತಿಂಗಳಾದ ಮೇಲೆ, ನಮ್ಮ ರೇಡಿಯೊದ ಹೆಡ್‌ಫೋನಿಗೆ ದನಿ ಹೆಚ್ಚಿಸುವ ಆಂಪ್ಲಿಫಾಯರ್ ತರಲು ಇವತ್ತು ಗೋಕಾಕಕ್ಕೆ ಹೋಗಿದ್ದೆ. ನೀವಿದ್ದಾಗಲೇ ತರಬೇಕಾಗಿತ್ತು. ಈಗ ಅವ್ವ ತಾನೂ ಮುಂಬೈ ಸುದ್ದಿ ಕೇಳಬೇಕೆನ್ನುತ್ತಾಳೆ.

ರೇಡಿಯೊ ರಿಪೇರಿ ಮಾಡುವ ಹಾಜಿಮಲಂಗ ಕಾಕಾ ಎರಡು ಪೆಟ್ಟಿಗೆ ತೋರಿಸಿದರು. ನಾನು ದೊಡ್ಡದಕ್ಕೆ ಕೈ ಹಾಕಿದೆ.

"ಅದು ದೊಡ್ಡ ಸ್ಪೀಕರಿಗೆ. ನಿನ್ನ ಹೆಡ್‌ಫೋನಿನ ತಂತಿ ಕರೆಂಟಿಗೆ ಎರಡು ಸಾವಿರ ಓಮಿನಷ್ಟು ತಡೆ ಕೊಡತೈತಿ, ಇದಕ್ಕ ಸಣ್ಣದ ಹೊಂದತೈತಿ" ಎಂದು ಸಣ್ಣದಕ್ಕೆ ಜೋಡಿಸಿ, ಹೆಡ್‌ಫೋನಿನ ಎರಡೂ ಬಿಲ್ಲೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡಿದರು.

ದಿನಾ ಸಂಜೆ ಆ ಬಿಲ್ಲೆಗಳನ್ನು ಬಿಡಿಸಿ ಬಲಗಡೆಯದನ್ನು ನಾನು, ಎಡಗಡೆಯದನ್ನು ನೀವು ಹಿಡಿದುಕೊಳ್ಳುತ್ತಿದ್ದೆವು. "ಏನೂ ಕೇಳಸವಲ್ದೋ ತಮ್ಮಾ" ಎಂದಿರಿ ಒಮ್ಮೆ. "ನಿಮ್ಮ ಕಿವಿ ಮಂದ ಆಗ್ಯಾವ್ರಿ" ಎಂದು ಪಡಸಾಲೆಯಲ್ಲಿ ಕೂತ ಮಂದಿಯೆದುರಿಗೇ ರೇಗಿದೆ. ಆಮೇಲೆ ನೀವು ಸುಮ್ಮನೆ ತಲೆದೂಗುತ್ತ ಕೂತಿರುತ್ತಿದ್ದಿರಿ. ಸುದ್ದಿ ಏನೆಂದು ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಿದ್ದಿರಿ.

ಕಾಕಾ ಎಡಗಡೆಯ ಬಿಲ್ಲೆಯನ್ನು ಕೆಳಗಿಟ್ಟರು. "ಇದರೊಳಗಿನ ಮ್ಯಾಗ್ನೆಟ್ಟಿನ ಕಸುವು ಹೋಗಿ ಭಾಳ ವರ್ಷ ಆಗಿರಬೇಕು. ಯಾವ ಆಂಪ್ಲಿಫಾಯರ್ ಹಚ್ಚಿದರೂ ದನಿ ಬರೂದಿಲ್ಲ. ಇದನ್ನ ಯಾರು ಹಚ್ಚಿಕೊಂತಿದ್ರು?"

"ಯಾರೂ ಇಲ್ರಿ ಕಾಕಾ" ಎಂದೆ.